ಹಿಂದಿನ ಸೀಟಿನ ನೂಲು

ಫೆಬ್ರವರಿ 9, ಸೋಮವಾರ

ಇವತ್ತಿಗೆ ಇನ್ನೂರ ಮೂರು ದಿನ.

ಬೆಳಿಗ್ಗೆ ಎಂದಿನಂತೆ ಕೆಳಗಿನ ಷೆಡ್ಡಿಗೆ ಹೋದೆ. ಮಗನ ಕಾರಿನ ಬಾಗಿಲು ತೆರೆಯಲಿಲ್ಲ. ಕೀಲಿ ಜೇಬಿನಲ್ಲಿಟ್ಟುಕೊಂಡು ಹತ್ತಿರ ಹೋದರೆ ಸಾಕು, ಗುರುತು ಸಿಕ್ಕವರ ಹಾಗೆ ಟಿಕ್ ಎಂದು ತೆರೆದುಕೊಳ್ಳುತ್ತಿದ್ದ ಕಾರು ಅದು. ಗುಂಡಿ ಒತ್ತಿದೆ. ಒರೆಸಿ ಒತ್ತಿದೆ. ಕೀಲಿಯನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ ಒತ್ತಿದೆ. ಏನೂ ಆಗಲಿಲ್ಲ. ಕಿಟಕಿಗೆ ಹಣೆಯಿಟ್ಟು ಒಳಗೆ ನೋಡಿದೆ. ನಾನು ಕೂರುವ ಹಿಂದಿನ ಸೀಟು ನೀರಿನ ತಳದಲ್ಲಿರುವ ಕೋಣೆಯ ಹಾಗೆ ಕಂಡಿತು. ಷೆಡ್ಡಿನ ಮಾಡಿನಲ್ಲಿ ಎರಡು ಗಾಜಿನ ಹಂಚುಗಳಿವೆ. ಏಳೂವರೆಗೆ ಬಿಸಿಲು ಅಲ್ಲಿಂದ ಇಳಿದು ಕಾರಿನೊಳಗೆ ಬಂದು ಕೂರುತ್ತದೆ. ದಿನಾ ನಾವಿಬ್ಬರೂ ಸ್ವಲ್ಪ ಹೊತ್ತು ಕೂರುತ್ತಿದ್ದೆವು. ಇವತ್ತು ಅದೊಂದೇ ಕೂತಿತ್ತು.

ನಾನು ವಾಕಿಂಗ್ ಹೋಗುತ್ತೇನೆಂದು ಸೊಸೆಯ ನಂಬಿಕೆ.

ಅಂಗಡಿ ಮುಚ್ಚಿದಾಗ ಉಳಿದ ರಿಪೇರಿ ಪುಸ್ತಕದಲ್ಲಿ ಇದನ್ನು ಬರೆಯುತ್ತಿದ್ದೇನೆ. ಮೂವತ್ತೊಂದು ವರ್ಷ ಹೊಲಿಗೆ ಯಂತ್ರಗಳನ್ನು ಬಿಚ್ಚಿ ಜೋಡಿಸಿದ ಕೈ ನನ್ನದು. ಯಂತ್ರ, ದೋಷ, ಕೊಟ್ಟ ದಿನ ಎಂದು ನಾನೇ ಗೆರೆ ಎಳೆದ ಪುಟಗಳು. ಯಂತ್ರ: ಹದಿನಾರು ವರ್ಷದ ಹಳೆಯ ಹೈಬ್ರಿಡ್ ಕಾರು, ಪೆಟ್ರೋಲು ಬ್ಯಾಟರಿ ಎರಡರಲ್ಲೂ ಓಡುವಂಥದ್ದು. ದೋಷ: ಬಾಗಿಲು ತೆರೆಯುತ್ತಿಲ್ಲ.

ಅದರ ಯಜಮಾನ ಲಿಫ್ಟುಗಳನ್ನು ತಪಾಸಣೆ ಮಾಡುವವನು. ಕಳೆದ ಜುಲೈಯಲ್ಲಿ ಕೆಲಸದ ನಡುವೆ ತಲೆನೋವು ಎಂದು ಕೂತವನು ಮತ್ತೆ ಏಳಲಿಲ್ಲ. ನಲವತ್ತೊಂದು. ಇಷ್ಟೇ ಬರೆಯಬಲ್ಲೆ.

ಫೆಬ್ರವರಿ 11, ಬುಧವಾರ

ಇನ್ನೂರೈದು.

ಸೊಸೆ ಆಸ್ಪತ್ರೆಯಿಂದ ಬಂದವಳು ಯೂನಿಫಾರಂ ಕೂಡ ಬದಲಿಸದೆ ನನ್ನ ಎದುರು ಕೂತಳು.

"ಅತ್ತೆ, ನಿಮ್ಮ ಹತ್ರ ಒಂದು ಮಾತು."

"ಹೇಳು."

"ಆ ಕಾರು. ಶುಕ್ರವಾರ ಗುಜರಿಯವರು ಬಂದು ತಗೊಂಡ್ ಹೋಗ್ತಾರಂತೆ. ಟೈರೆಲ್ಲ ಇಳಿದುಹೋಗಿದೆ. ಮೇಲಿನ ಮನೆಯವರು ಷೆಡ್ಡಲ್ಲಿ ಜಾಗ ಬೇಕು ಅಂತ ಎರಡು ಸಲ ಕೇಳಿದ್ರು."

"ಅದು ಅಲ್ಲಿ ನಿಂತಿದ್ರೆ ನಿಂಗೇನು ತೊಂದ್ರೆ?"

ಅವಳು ಟೀ ಲೋಟವನ್ನು ತಿರುಗಿಸುತ್ತಾ ಕೂತಳು. "ದಿನಾ ಸಂಜೆ ಅದರ ಪಕ್ಕದಲ್ಲೇ ಹಾದು ಬರ್ಬೇಕಲ್ಲ ಅತ್ತೆ," ಎಂದಳು.

ಆಮೇಲೆ ಎರಡನೆಯ ಮಾತು ಹೊರಗೆ ಬಂತು. ದೊಡ್ಡ ನಗರದ ಆಸ್ಪತ್ರೆಯಲ್ಲಿ ಅವಳಿಗೆ ಕೆಲಸ ಸಿಕ್ಕಿದೆಯಂತೆ. ಇಲ್ಲಿಂದ ಎಂಟು ಗಂಟೆಯ ದಾರಿ. ಇರಲು ಒಂದು ಕೋಣೆಯ ಕ್ವಾರ್ಟರ್ಸು. ಇಲ್ಲೇ ಗುಡ್ಡದ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ ನೋಡುವ ನರ್ಸಿನ ಕೆಲಸವೂ ಖಾಲಿಯಿದೆ. ಮೊದಲಿಂದ ಅವಳಿಗೆ ಮನಸ್ಸಿದ್ದದ್ದು ಅದಕ್ಕೇ. ಆದರೆ ಅಲ್ಲಿಗೆ ಬಸ್ಸಿಲ್ಲ, ಸ್ವಂತ ವಾಹನ ಬೇಕು. ಮಾರ್ಚ್ ಇಪ್ಪತ್ತರೊಳಗೆ ಯಾವುದಾದರೂ ಒಂದಕ್ಕೆ ಹೂಂ ಅನ್ನಬೇಕು.

"ಹೋಗೋದಾದ್ರೆ ಹೋಗು. ನಾನೇನು ನಿನ್ನ ಕಾಲು ಕಟ್ಟಿಲ್ಲ. ಕಾರು ಮಾತ್ರ ಹೋಗಲ್ಲ," ಎಂದೆ.

ಅವಳು ಎದ್ದು ಒಳಗೆ ಹೋದಳು. ಲೋಟದಲ್ಲಿ ಟೀ ಹಾಗೇ ಇತ್ತು. ನನಗೆ ಬೇಜಾರೇನೂ ಇಲ್ಲ. ಒಬ್ಬಳೇ ಇರುವುದು ನನಗೆ ಹೊಸದಲ್ಲ.

ಫೆಬ್ರವರಿ 12, ಗುರುವಾರ

ಇನ್ನೂರಾರು.

ಕಾರನ್ನು ಮಗ ಒಬ್ಬ ಮೆಕ್ಯಾನಿಕ್ಕಿನ ಕೈಗೆ ಮಾತ್ರ ಕೊಡುತ್ತಿದ್ದ. ನದಿಯ ಆಚೆ, ಹಳೆಯ ಐಸ್ ಕಾರ್ಖಾನೆಯ ಹಿಂದೆ ಅವರ ಗ್ಯಾರೇಜು. ಐವತ್ತರ ಆಸುಪಾಸಿನ ಮನುಷ್ಯ, ಉದ್ದನೆಯ ಆಳು. ಕೆಲಸ ಮಾಡುವಾಗ ಏನೋ ಗುನುಗುತ್ತಲೇ ಇರುತ್ತಾರೆಂದು ಮಗ ಅವರಿಗೆ ಗುನುಗಪ್ಪ ಎಂದು ಹೆಸರಿಟ್ಟಿದ್ದ. ಅವರಿಗೂ ಗೊತ್ತಿತ್ತು, ಬೇಜಾರು ಮಾಡಿಕೊಂಡಿರಲಿಲ್ಲ.

ಹೋಗಿ ಕರೆದೆ. ಚೀಲ ಹೆಗಲಿಗೇರಿಸಿಕೊಂಡು ನನ್ನ ಜೊತೆಯಲ್ಲೇ ಬಂದರು. ದಾರಿಯುದ್ದಕ್ಕೂ ಮಗನ ವಿಷಯ ಒಂದು ಮಾತೂ ಎತ್ತಲಿಲ್ಲ. ಅದಕ್ಕಾಗಿ ಅವರಿಗೆ ಋಣಿ.

ಕೀಲಿಯ ಹೊಟ್ಟೆಯೊಳಗೆ ಇನ್ನೊಂದು ಸಣ್ಣ ಲೋಹದ ಕೀಲಿ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ. ಅದನ್ನು ಹೊರಗೆಳೆದು ಬಾಗಿಲು ತೆರೆದರು. ಅವನ ವಾಸನೆ ಬಂತು. ಏಳು ತಿಂಗಳಲ್ಲಿ ಅದನ್ನು ನಾನೇ ಮುಕ್ಕಾಲು ಪಾಲು ಮುಗಿಸಿದ್ದೇನೆ. ಇನ್ನು ಸ್ವಲ್ಪವೇ ಉಳಿದಿದೆ.

"ಇದರಲ್ಲಿ ಎರಡು ಬ್ಯಾಟರಿ ಅಮ್ಮ," ಎಂದರು ಗುನುಗಪ್ಪ. "ಬಾಗಿಲು, ದೀಪ ಎಲ್ಲ ನೋಡ್ಕೊಳ್ಳೋದು ಸಣ್ಣದು. ಅದು ಪೂರ್ತಿ ಖಾಲಿ. ಚಕ್ರ ತಿರುಗಿಸೋದು ದೊಡ್ಡದು, ಹಿಂದಿನ ಸೀಟಿನ ಬೆನ್ನಿಗಿದೆ. ಅದರ ಕಥೆ ಗಾಡಿ ಎಬ್ಬಿಸಿದ ಮೇಲೇ ಗೊತ್ತಾಗೋದು. ಯಾರಾದ್ರೂ ದಿನಾ ಬಾಗಿಲು ತೆಗೆದು ಹಾಕಿ ಮಾಡ್ತಿದ್ರಾ?"

"ಇರಬಹುದು," ಎಂದೆ.

ಅವರು ಗುನುಗುತ್ತಾ ಟೈರುಗಳ ಸುತ್ತ ಒಂದು ಸುತ್ತು ಹಾಕಿದರು. ನಾಲ್ಕೂ ಟೈರುಗಳ ಪಕ್ಕೆಯಲ್ಲಿ ಕೆರೆಯ ತಳ ಒಣಗಿದ ಹಾಗೆ ಬಿರುಕು. ಒಂದೇ ಕಡೆ ಭಾರ ಹೊತ್ತು ನಿಂತು ನೆಲಕ್ಕೆ ತಾಗಿದ ಭಾಗ ಚಪ್ಪಟೆಯಾಗಿದೆ. ಮಲಗಿದ್ದ ರೋಗಿಯ ಬೆನ್ನಿನ ಹಾಗೆ ಎಂದು ಅನಿಸಿತು. ನರ್ಸಿನ ಜೊತೆ ಇದ್ದು ಇಂಥವೇ ತಲೆಗೆ ಬರುತ್ತವೆ.

ಗುಜರಿಯವನಿಗೆ ಬರಬೇಡವೆಂದು ಹೇಳಿ ಕಳಿಸಿದೆ. ಗುನುಗಪ್ಪನವರಿಗೆ ಒಂದೇ ಷರತ್ತು ಹಾಕಿದೆ. ಏನು ಬೇಕಾದರೂ ಬಿಚ್ಚಿ, ಡ್ರೈವರ್ ಸೀಟನ್ನು ಮಾತ್ರ ಹಿಂದೆ ಮುಂದೆ ಮಾಡಬೇಡಿ.

ಅವರು ಕೂತು ನೋಡಿದರು. "ನಂಗೂ ಸರಿಯಾಗೇ ಇದೆ ಬಿಡಿ," ಎಂದರು.

ಫೆಬ್ರವರಿ 17, ಮಂಗಳವಾರ

ಇನ್ನೂರ ಹನ್ನೊಂದು.

ಸಣ್ಣ ಬ್ಯಾಟರಿ ಹೊಸದು ಬಂತು. ಟೈರುಗಳಿಗೆ ಸದ್ಯಕ್ಕೆ ಗಾಳಿ ತುಂಬಿದ್ದಾಯಿತು. ಗುನುಗಪ್ಪ ಗುಂಡಿ ಒತ್ತಿದರು. ಎದುರಿನ ಹಲಗೆಯಲ್ಲಿ ಬೆಳಗಿನ ಜಾವದ ಆಕಾಶದ ಬಣ್ಣದ ಅಂಕಿಗಳು ಒಂದೊಂದಾಗಿ ಹೊತ್ತಿಕೊಂಡವು. ಗಡಿಯಾರ ಮಾತ್ರ ಎಲ್ಲವನ್ನೂ ಮರೆತು ಒಂದು ಗಂಟೆ ಎಂದು ತೋರಿಸುತ್ತಿತ್ತು.

ಕಾರು ಷೆಡ್ಡಿನಿಂದ ಅಂಗಳಕ್ಕೆ ಬಂತು. ಸದ್ದೇ ಇಲ್ಲ. ನಾನು ಹಿಂದಿನ ಸೀಟಿನಲ್ಲಿ ಕೂತಿದ್ದೆ. ಗೋಡೆಗಳು ತಾವಾಗಿ ಹಿಂದೆ ಸರಿದ ಹಾಗೆ, ಅಂಗಳವೇ ಎದ್ದು ನಮ್ಮ ಬಳಿಗೆ ಬಂದ ಹಾಗೆ. ಈ ಕಾರು ಮೊದಲಿಂದಲೂ ಹೀಗೆಯೇ. ಸಂಜೆ ಅಂಗಡಿಯ ಮುಂದೆ ಬಂದು ನಿಂತರೂ ನನಗೆ ಕೇಳಿಸುತ್ತಿರಲಿಲ್ಲ, ತಲೆ ಎತ್ತಿದರೆ ಅಲ್ಲಿರುತ್ತಿತ್ತು. ಇವತ್ತು ಒಂದೇ ಸದ್ದು, ಚಪ್ಪಟೆಯಾದ ಟೈರುಗಳ ದಬ್ ದಬ್. ಕುಂಟುವವರು ಮೆಟ್ಟಿಲಿಳಿದ ಹಾಗೆ.

ಗುನುಗಪ್ಪನವರ ಬೆನ್ನು, ಕತ್ತು, ತಲೆ ಸೀಟಿನ ಮೇಲೆ ಅಷ್ಟೇ ಎತ್ತರಕ್ಕೆ ಕಾಣುತ್ತಿತ್ತು. ಕಣ್ಣನ್ನು ಅರ್ಧ ಮುಚ್ಚಿದೆ. ಗೇಟಿನವರೆಗೆ ಹೋಗಿ ವಾಪಸು ಬರುವಷ್ಟು ಹೊತ್ತು. ತಪ್ಪೇನಿಲ್ಲ, ಯಾರಿಗೂ ಗೊತ್ತಾಗಲಿಲ್ಲ.

ತಿರುಗಿ ಬರುವಾಗ ಹಲಗೆಯಲ್ಲಿ ಕೆಂಪು ತ್ರಿಕೋನವೊಂದು ಹೊತ್ತಿಕೊಂಡಿತು. ಗುನುಗು ನಿಂತಿತು.

"ದೊಡ್ಡದು ಅಮ್ಮ," ಎಂದರು.

ಫೆಬ್ರವರಿ 24, ಮಂಗಳವಾರ

ಇನ್ನೂರ ಹದಿನೇಳೋ ಹದಿನೆಂಟೋ.

ಇವತ್ತು ನಡೆದದ್ದನ್ನು ಬರೆಯಲೇಬೇಕು, ಯಾರಿಗೂ ಹೇಳುವ ಹಾಗಿಲ್ಲ.

ಗುನುಗಪ್ಪ ಹಿಂದಿನ ಸೀಟನ್ನು ಕಳಚಿ ಅಂಗಳದಲ್ಲಿಟ್ಟರು. ದಪ್ಪ ರಬ್ಬರಿನ ಕೈಗವಸು ಹಾಕಿಕೊಂಡು ಕಿತ್ತಳೆ ಬಣ್ಣದ ಹಿಡಿಕೆಯೊಂದನ್ನು ಎಳೆದು ಜೇಬಿಗೆ ಹಾಕಿಕೊಂಡರು. "ಇದು ನನ್ನ ಜೇಬಲ್ಲಿದ್ರೇನೇ ನಾವಿಬ್ರೂ ಊಟಕ್ಕೆ ಮನೆಗೆ ಹೋಗೋದು. ಹತ್ತು ನಿಮಿಷ ದೂರ ನಿಲ್ಲಿ, ಒಳಗಿನ ಕರೆಂಟು ಆರಬೇಕು. ಕಿತ್ತಳೆ ವಯರು ಎಲ್ಲೇ ಕಂಡ್ರೂ ಮುಟ್ಟಬೇಡಿ." ಅಂಗಳದಲ್ಲಿದ್ದ ಸೀಟಿನ ಮೇಲೆ ಕೂತು ಹತ್ತು ನಿಮಿಷ ಕಾದೆ. ಮೇಲೆ ಬರೀ ಆಕಾಶ. ಕಾರು ನನ್ನನ್ನು ಅಲ್ಲೇ ಇಳಿಸಿ ಹೋಗಿಬಿಟ್ಟ ಹಾಗಿತ್ತು.

ಸೀಟಿನ ಪಕ್ಕದಲ್ಲಿ ಬಾಚಣಿಗೆಯ ಹಲ್ಲಿನಂಥ ಜಾಲರಿಯೊಂದಿದೆ. ಒಳಗಿರುವ ಫ್ಯಾನು ಅಲ್ಲಿಂದ ಗಾಳಿ ಎಳೆದು ಬ್ಯಾಟರಿಯನ್ನು ತಂಪಾಗಿಡುತ್ತದಂತೆ. ಗುನುಗಪ್ಪ ಫ್ಯಾನು ಬಿಚ್ಚಿದರು. ಒಳಗೆ ಕೈ ಹಾಕಿ ಏನನ್ನೋ ಎಳೆದರು, ಎಳೆದರು, ಅದು ಬರುತ್ತಲೇ ಇತ್ತು.

"ಒಳ್ಳೇ ಗುಬ್ಬಿ ಗೂಡಾಗಿದೆಯಲ್ಲ," ಎಂದು ನಕ್ಕರು.

ಅವರ ಅಂಗೈಯಲ್ಲಿ ಕಂಬಳಿಯ ತುಂಡಿನಂಥ ಒಂದು ಮುದ್ದೆ. ತೆಗೆದುಕೊಂಡು ಬೆಳಕಿಗೆ ಹಿಡಿದೆ. ನೂಲು. ಶಾಲೆಯ ಯೂನಿಫಾರಮ್ಮಿನ ಕಡು ನೀಲಿ, ಪರದೆಗೆ ಹಾಕುವ ಹಳದಿ, ಗೋಣಿ ಹೊಲಿಯುವ ಬಿಳಿ ದಾರ. ಯಂತ್ರ ಸರಿಯಾಯಿತೇ ಎಂದು ನೋಡಲು ನಾನು ಚಿಂದಿಯ ಮೇಲೆ ಹೊಲಿದು ಹೊಲಿದು ಕತ್ತರಿಸುತ್ತಿದ್ದ ನೂಲು. ನನ್ನ ಮೈಮೇಲಿಂದ, ನನ್ನ ಚೀಲದಿಂದ ಉದುರಿದ್ದು. ಹನ್ನೊಂದು ವರ್ಷ ಅವನು ದಿನಾ ಸಂಜೆ ನನ್ನನ್ನು ಅಂಗಡಿಯಿಂದ ಕರೆತಂದ. ಹನ್ನೊಂದು ವರ್ಷ ನಾನು ಚೀಲವನ್ನು ಆ ಜಾಲರಿಗೆ ಒರಗಿಸಿಟ್ಟೆ. "ಅಮ್ಮ, ಚೀಲ ಆ ಕಡೆ ಇಡಮ್ಮ," ಎನ್ನುತ್ತಿದ್ದ. ಸುಮ್ಮನೆ ಶಿಸ್ತು ಮಾಡುತ್ತಾನೆಂದುಕೊಂಡು ಈ ಕಡೆಯೇ ಇಡುತ್ತಿದ್ದೆ.

"ಬ್ಯಾಟರಿ ಕೆಟ್ಟಿದ್ದು ಇದರಿಂದಲೇನಾ?"

ಗುನುಗಪ್ಪ ನನ್ನ ಮುಖ ನೋಡಿದರು. ಅರ್ಥವಾಯಿತೆಂದು ಕಾಣುತ್ತದೆ. "ಬಿಸಿಯಾದ್ರೆ ಬೇಗ ಹೋಗುತ್ತೆ. ವಯಸ್ಸೂ ಆಗಿದೆ. ಯಾವುದರಿಂದ ಎಷ್ಟು ಅಂತ ಯಾರು ಹೇಳ್ತಾರೆ ಅಮ್ಮ," ಎಂದರು.

ದೊಡ್ಡ ಬ್ಯಾಟರಿ ಎಂದರೆ ಒಂದೇ ಅಲ್ಲ. ಬ್ರೆಡ್ಡಿನ ಹೋಳುಗಳ ಹಾಗೆ ಸಾಲಾಗಿ ನಿಲ್ಲಿಸಿದ ಇಪ್ಪತ್ತೆಂಟು ಬಿಲ್ಲೆಗಳು. ಅವುಗಳಲ್ಲಿ ಎರಡು ಸೋತಿವೆ. ಗ್ಯಾರೇಜಿನಲ್ಲಿರುವ ಇಂಥದೇ ಅಪಘಾತದ ಕಾರಿನಿಂದ ತಂದು ಹಾಕುತ್ತಾರಂತೆ.

ಫೆಬ್ರವರಿ 25, ಬುಧವಾರ

ನೂಲನ್ನು ಗುಂಡಿಗಳ ಡಬ್ಬಿಯಲ್ಲಿಟ್ಟೆ.

ಬರೆಯಲು ಏನೂ ಇಲ್ಲ.

ಮಾರ್ಚ್ 3, ಮಂಗಳವಾರ

ಎರಡು ಬಿಲ್ಲೆ ಬದಲಿಸಿ ಸೀಟು ಕೂರಿಸಿದರು. ನದಿಯ ತನಕ ಸರಿಯಾಗಿಯೇ ಹೋಯಿತು. ಸೇತುವೆಯ ಮೇಲೆ ಮತ್ತೆ ಕೆಂಪು ತ್ರಿಕೋನ. ಸೇತುವೆಯ ನಡುವೆ ಕಾರು ನಿಲ್ಲಿಸಿ ಗುನುಗಪ್ಪ ಸ್ಟೀರಿಂಗಿನ ಮೇಲೆ ಎರಡೂ ಕೈಯಿಟ್ಟು ಕೂತರು. ಕೆಳಗೆ ನೀರು ಹೋಗುತ್ತಿತ್ತು, ನಾವು ಹೋಗುತ್ತಿರಲಿಲ್ಲ.

"ಇನ್ನೊಂದು ಸೋತಿದೆ. ಇದು ಹೀಗೇ ಅಮ್ಮ. ಎರಡು ಗಟ್ಟಿ ಹಾಕಿದ್ರೆ ಪಕ್ಕದ್ದು, ನಂಗೆ ಸುಸ್ತು ಅನ್ನುತ್ತೆ. ತಾಮ್ರದ ಪಟ್ಟಿಗಳೂ ಹಸಿರುಗಟ್ಟಿವೆ. ಎಲ್ಲ ಬಿಚ್ಚಿ, ಒಂದೊಂದನ್ನೂ ತಿಕ್ಕಿ, ಒಂದೊಂದನ್ನೂ ಅಳೆದು, ಸಮ ಮಾಡಿ ಮತ್ತೆ ಕೂರಿಸ್ಬೇಕು. ಅಷ್ಟು ಮಾಡಿದ್ರೂ ಒಂದು ವರ್ಷವೋ ಎರಡೋ. ನಿಮಗೆ ಮೋಸದ ಮಾತು ಹೇಳಲ್ಲ. ಬಿಟ್ಟುಬಿಡಿ ಅಂತಲೇ ನಾನು ಹೇಳೋದು."

ಮನೆಗೆ ಬಂದಾಗ ಸೊಸೆ ಟೇಬಲ್ಲಿನ ಮೇಲೆ ನಗರದ ಆಸ್ಪತ್ರೆಯ ಕಾಗದ ತುಂಬುತ್ತಿದ್ದಳು. ನನ್ನನ್ನು ನೋಡಿ ಮುಚ್ಚಿಟ್ಟಳು. ಯಾಕೆ ಮುಚ್ಚಬೇಕಿತ್ತೋ.

ಮಾರ್ಚ್ 7, ಶನಿವಾರ

ಪಟ್ಟಿಗಳನ್ನು ನಾನೇ ತಿಕ್ಕುತ್ತೇನೆಂದು ಗುನುಗಪ್ಪನವರಿಗೆ ಹೇಳಿದ್ದೆ. ತಿಕ್ಕುವುದಕ್ಕೆ ಮೆಕ್ಯಾನಿಕ್ಕು ಯಾಕೆ ಬೇಕು? ಅವರು ಬ್ಯಾಟರಿಯನ್ನು ಹೊರಗೆ ತೆಗೆದು ಗ್ಯಾರೇಜಿಗೆ ಒಯ್ದರು. ತಾಮ್ರದ ಪಟ್ಟಿಗಳನ್ನೂ ಸಣ್ಣ ಸಣ್ಣ ನಟ್ಟುಗಳನ್ನೂ ನನಗೆ ಕೊಟ್ಟು ಹೋದರು. ಷೆಡ್ಡಿನ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತೆ. ಬೋಗುಣಿಯಲ್ಲಿ ವಿನೆಗರು, ಹಲ್ಲುಜ್ಜುವ ಹಳೆಯ ಬ್ರಷ್ಷು. ಹೊಲಿಗೆ ಯಂತ್ರದ ಕೊಕ್ಕೆಗೆ ಹಿಡಿದ ಕಿಲುಬು ತೆಗೆಯುವಾಗಲೂ ಇದನ್ನೇ ಮಾಡುತ್ತಿದ್ದದ್ದು. ಹಸಿರು ಬಿಟ್ಟುಕೊಂಡು ಒಳಗಿನಿಂದ ಗುಲಾಬಿ ಬಣ್ಣದ ತಾಮ್ರ ಏಳುತ್ತದೆ. ನೋಡುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ತಲೆ ಎತ್ತಿದಾಗ ಸೊಸೆ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

"ವಾಕಿಂಗ್ ಇದೇನಾ ಅತ್ತೆ?"

ನಾನು ತಿಕ್ಕುತ್ತಲೇ ಇದ್ದೆ. ಅವಳು ಇನ್ನೊಂದು ಸ್ಟೂಲು ತಂದು ಕೂತಳು, ಬೋಗುಣಿಯಿಂದ ಒಂದು ಪಟ್ಟಿ ಎತ್ತಿಕೊಂಡಳು. ನಟ್ಟುಗಳನ್ನು ಹಾಕಿಡಲು ಡಬ್ಬಿ ಬೇಕಿತ್ತು. ಗುಂಡಿಗಳ ಡಬ್ಬಿಯನ್ನು ಅವಳೇ ತೆರೆದಳು. ನಾನು ಬೇಡ ಅನ್ನುವಷ್ಟರಲ್ಲಿ ನೂಲಿನ ಮುದ್ದೆ ಅವಳ ಕೈಯಲ್ಲಿತ್ತು.

"ಫ್ಯಾನಿನೊಳಗಿತ್ತು," ಎಂದೆ. "ನನ್ನದೇ. ಚೀಲ ಅಲ್ಲೇ ಇಡ್ತಿದ್ದೆ. ಅವನ ಬ್ಯಾಟರಿ ಕೆಡಿಸಿದ್ದು ನಾನೇ ಕಣೇ."

ಅವಳು ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಮುಖ ಬೇರೆಯಾಯಿತು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಎಂದು ನನಗೆ ಗೊತ್ತಾಗಲಿಲ್ಲ.

"ಅವರಿಗೆ ಗೊತ್ತಿತ್ತು ಅತ್ತೆ. ತಿಂಗಳಿಗೊಂದ್ಸಲ ಆ ಜಾಲರಿಯಿಂದ ನನ್ನ ಚಿಮ್ಮಟದಲ್ಲಿ ನೂಲು ಕೀಳ್ತಾ ಕೂರ್ತಿದ್ರು. ಕಿತ್ತು ನಂಗೆ ತೋರ್ಸೋರು. 'ನೋಡು, ಈ ತಿಂಗಳು ಅಮ್ಮಂದು ನೀಲಿ ಜಾಸ್ತಿ, ಶಾಲೆ ಶುರುವಾಗುತ್ತೆ ಅಂತ ಕಾಣುತ್ತೆ' ಅನ್ನೋರು. ಒಳಗಡೆ ಇಷ್ಟಿದೆ ಅಂತ ಪಾಪ ಅವರಿಗೂ ಗೊತ್ತಿರ್ಲಿಲ್ಲ."

"ನಂಗೆ ಯಾಕೆ ಹೇಳಲಿಲ್ಲ?"

"ನಾನೂ ಅದನ್ನೇ ಕೇಳಿದ್ದೆ. ಅತ್ತೆಗೆ ಸರಿಯಾಗಿ ಹೇಳಿ, ಇಲ್ಲಾಂದ್ರೆ ಮುಂದೆ ಕೂರ್ಸಿ ಅಂದೆ. 'ಹೇಳಿದ್ರೆ ನಾಳೆಯಿಂದ ನಡ್ಕೊಂಡೇ ಬರ್ತಾಳೆ, ಬ್ಯಾಟರಿ ಹೋದ್ರೆ ಇನ್ನೊಂದು ಸಿಗುತ್ತೆ ಬಿಡು' ಅಂದ್ರು."

ಗಾಜಿನ ಹಂಚಿನ ಬಿಸಿಲು ಬೋಗುಣಿಯ ವಿನೆಗರಿಗೆ ಬಿದ್ದು ಮಾಡಿನಲ್ಲಿ ಅಲೆಯಾಡುತ್ತಿತ್ತು. ನಾವಿಬ್ಬರೂ ತಿಕ್ಕಿದೆವು. ಸ್ವಲ್ಪ ಹೊತ್ತಿನ ಮೇಲೆ ಅವಳೇ ಹೇಳಿದಳು.

"ಅವರು ಹೋದ ದಿನ, ಕೆಲಸದ ಜಾಗದಲ್ಲಿದ್ದ ಕಾರು ತರೋಕೆ ಅಂತ ಅವರ ಜೊತೆ ಕೆಲಸದವರು ಕೀಲಿ ನನ್ನ ಕೈಗೇ ಕೊಟ್ಟಿದ್ರು ಅತ್ತೆ. ಹೋಗಿ ಕೂತೆ. ಸೀಟು ಅವರ ಅಳತೆಗಿತ್ತು, ನಂಗೆ ಕಾಲು ಸಿಗ್ಲಿಲ್ಲ. ಎಳ್ಕೊಂಡ್ರೆ ಆಗ್ತಿತ್ತು. ಮನಸ್ಸು ಬರ್ಲಿಲ್ಲ. ಇಳಿದುಬಿಟ್ಟೆ. ಅವರಲ್ಲೇ ಯಾರೋ ಒಬ್ರು ಹಾಗೇ ಓಡಿಸ್ಕೊಂಡು ಬಂದು ಷೆಡ್ಡಲ್ಲಿ ನಿಲ್ಲಿಸಿದ್ರು. ಅವತ್ತಿಂದ ಅದರ ಪಕ್ಕ ಹಾದು ಬರೋವಾಗೆಲ್ಲ ಅದು ನನ್ನನ್ನ ನೋಡ್ತಿದೆ ಅನ್ಸುತ್ತೆ."

ನನ್ನ ಪಟ್ಟಿಯನ್ನು ಬೋಗುಣಿಯಲ್ಲಿ ಅದ್ದಿದೆ. "ಅಂಚು ಸರಿಯಾಗಿ ತಿಕ್ಕು, ಅಲ್ಲೇ ಹಸಿರು ಕೂರೋದು," ಎಂದೆ.

ಅವಳು ತಿಕ್ಕಿದಳು.

ಮಾರ್ಚ್ 9, ಸೋಮವಾರ

ಮಧ್ಯಾಹ್ನ ಕೂತಲ್ಲೇ ನಿದ್ದೆ ಬಂದಿತ್ತು. ಕನಸಿನಲ್ಲಿ ನೀಲಿ ನೂಲಿನ ಮೇಲೆ ಕಾರು ಹೋಗುತ್ತಿತ್ತು. ನೂಲು ರಸ್ತೆಯಷ್ಟು ಅಗಲ. ಓಡಿಸುತ್ತಿದ್ದದ್ದು ಯಾರೆಂದು ಕಾಣಲಿಲ್ಲ, ನಾನೂ ಬಗ್ಗಿ ನೋಡಲಿಲ್ಲ. ಕಿಟಕಿಯಿಂದ ಒಳ್ಳೆಯ ಗಾಳಿ ಬರುತ್ತಿತ್ತು. ಎದ್ದಾಗ ಸೊಸೆ ಹೊದಿಸಿದ ಶಾಲು ಮೈಮೇಲಿತ್ತು.

ಇನ್ನೂ ಹದಿನಾಲ್ಕು ಪಟ್ಟಿ ಬಾಕಿ.

ಮಾರ್ಚ್ 14, ಶನಿವಾರ

ಬ್ಯಾಟರಿ ಗೂಡಿಗೆ ವಾಪಸಾಯಿತು. ಒಟ್ಟು ನಾಲ್ಕು ಬಿಲ್ಲೆ ಬದಲು, ಉಳಿದವನ್ನು ನಾಲ್ಕು ದಿನ ಚಾರ್ಜಿಗಿಟ್ಟು ಸಮ ಮಾಡಿದ್ದಾರೆ. ಗುನುಗಪ್ಪ ತಾಮ್ರದ ಪಟ್ಟಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ, "ಯಾರು ತಿಕ್ಕಿದ್ದು? ನನ್ನ ಗ್ಯಾರೇಜಿಗೆ ಬರ್ತೀರಾ?" ಎಂದು ಕೇಳಿದರು. ಇಬ್ಬರು ಬರಬೇಕಾಗುತ್ತದೆ ಎಂದೆ. ಜಾಲರಿಗೆ ತೆಳು ಬಲೆ ಬಟ್ಟೆಯ ಸೋಸುವ ತೆರೆ ಹೊಲಿದು ಕೂರಿಸಿದ್ದೇನೆ, ಬೇಕಾದಾಗ ತೆಗೆದು ಒಗೆಯಬಹುದು.

ಸೇತುವೆ ದಾಟಿದೆವು, ಐಸ್ ಕಾರ್ಖಾನೆ ಸುತ್ತಿ ಬಂದೆವು. ತ್ರಿಕೋನ ಬರಲಿಲ್ಲ.

ಮಾರ್ಚ್ 15, ಭಾನುವಾರ

ಸೊಸೆಗೆ ಲೈಸೆನ್ಸ್ ಇದೆ. ಕಲಿತು ಆರು ವರ್ಷವಾಯಿತು, ಓಡಿಸಿದ್ದು ಕಡಿಮೆ. ಭಾನುವಾರ ಬೆಳಿಗ್ಗೆ ರಸ್ತೆ ಖಾಲಿಯಿರುತ್ತದೆ, ಒಂದು ಸುತ್ತು ನೋಡೋಣ ಎಂದಳು.

ಅವಳು ಕೆಳಗೆ ಬಂದಾಗ ಕಂಕುಳಲ್ಲಿ ಎರಡು ದಿಂಬು.

"ಇವು ಯಾತಕ್ಕೆ?"

"ಬೆನ್ನಿಗೆ. ಸೀಟು ಎಳೀಬಾರದಲ್ಲ." ಗುನುಗಪ್ಪನವರಿಗೆ ನಾನು ಹಾಕಿದ ಷರತ್ತು ಅವಳವರೆಗೂ ಹೋಗಿತ್ತು.

ದಿಂಬಿಗೆ ಒರಗಿ ಮುಂದಕ್ಕೆ ಜಾರಿಕೊಂಡು ಕೂತಳು, ಮಕ್ಕಳು ದೊಡ್ಡವರ ಕುರ್ಚಿಯ ತುದಿಯಲ್ಲಿ ಕೂತ ಹಾಗೆ. ನಾನು ಹಿಂದೆ ಹತ್ತಿದೆ.

"ಮುಂದೆ ಬನ್ನಿ ಅತ್ತೆ. ನಾನೇನು ಬಾಡಿಗೆ ಡ್ರೈವರಾ?"

ಮುಂದೆ ಹೋಗಿ ಕೂತೆ. ಅಲ್ಲಿಂದ ಎಲ್ಲವೂ ದೊಡ್ಡದಾಗಿ ಕಾಣುತ್ತದೆ. ಹಲಗೆಯ ಚಿತ್ರದಲ್ಲಿ ಬಾಣಗಳು ಚಕ್ರದಿಂದ ಬ್ಯಾಟರಿಗೆ, ಬ್ಯಾಟರಿಯಿಂದ ಚಕ್ರಕ್ಕೆ ಓಡಾಡುತ್ತಿರುತ್ತವೆ. ಇಷ್ಟು ವರ್ಷ ಆ ಕಾರಿನಲ್ಲಿ ಕೂತೂ ನಾನು ಅದನ್ನು ನೋಡಿರಲಿಲ್ಲ.

ಬೀದಿಯ ಕೊನೆಯವರೆಗೆ ಚೆನ್ನಾಗಿಯೇ ಹೋದಳು. ತಿರುಗಿ ಬಂದು ಅಂಗಳಕ್ಕೆ ಹೊಕ್ಕಾಗ ಮೇಲಿನ ಮನೆಯವರ ಬೆಕ್ಕು ಅಡ್ಡ ಬಂತು. ಅವಳು ಬ್ರೇಕಿಗೆ ಕಾಲು ಚಾಚಿದಳು. ದಿಂಬು ಪಕ್ಕಕ್ಕೆ ಜಾರಿ ಅವಳು ಸೀಟಿನೊಳಗೆ ಹಿಂದಕ್ಕೆ ಬಿದ್ದಳು. ಕಾಲು ಸಿಗಲಿಲ್ಲ. ಕಾರು ಸದ್ದಿಲ್ಲದೆ ಗೋಡೆಯ ಕಡೆಗೆ ಹೋಗುತ್ತಲೇ ಇತ್ತು. ನಿಧಾನ, ಬಹಳ ನಿಧಾನ. ಗೋಡೆಯ ಮೇಲಿನ ಪಾಚಿಯ ಒಂದೊಂದು ಮಚ್ಚೆಯೂ ನನಗೆ ಕಾಣುತ್ತಿತ್ತು. ಹೇಗೋ ಕಾಲ್ಬೆರಳ ತುದಿಯಲ್ಲಿ ಬ್ರೇಕು ಒತ್ತಿದಳು. ಗೋಡೆಗೂ ನಮಗೂ ಒಂದು ಗೇಣು.

ಅವಳು ಎರಡೂ ಕೈಯಲ್ಲಿ ಸ್ಟೀರಿಂಗನ್ನು ಹಿಡಿದೇ ಇದ್ದಳು. ನಾನು ಬಗ್ಗಿ ಅವಳ ಸೀಟಿನ ಕೆಳಗೆ ಕೈ ಹಾಕಿದೆ. ಅಡ್ಡ ಕಂಬಿ ಸಿಕ್ಕಿತು.

"ಅತ್ತೆ, ಬೇಡ."

"ಸ್ವಲ್ಪ ಮೈ ಎತ್ತು," ಎಂದು ಕಂಬಿ ಎಳೆದೆ. ಸೀಟು ಸರ್ರನೆ ಮುಂದೆ ಬಂತು. ಟಕ್ ಎಂದು ಕಚ್ಚಿಕೊಂಡಿತು. "ಈಗ ನೋಡು, ಮಂಡಿ ಸರಿಯಾಗಿ ಮಡಚುತ್ತಾ?"

ಅವಳು ತಲೆಯಾಡಿಸಿದಳು. ದಿಂಬುಗಳನ್ನು ಹಿಂದಕ್ಕೆ ಎಸೆದೆ. ಬ್ರೇಕಿಗೆ ಕಾಲೇ ಎಟುಕದ ಮೇಲೆ ಅಷ್ಟೆಲ್ಲ ತಾಮ್ರ ತಿಕ್ಕಿ ಏನು ಬಂತು? ಕನ್ನಡಿಯನ್ನೂ ಅವಳ ಎತ್ತರಕ್ಕೆ ತಿರುಗಿಸಿದೆವು. ಬೆಕ್ಕಿಗೆ ಏನೂ ಆಗಿಲ್ಲ.

ಎರಡನೆಯ ಸಲ ನದಿಯವರೆಗೆ ಹೋಗಿ ಬಂದೆವು.

ಮಾರ್ಚ್ 20, ಶುಕ್ರವಾರ

ಗುಡ್ಡದ ಕೆಲಸಕ್ಕೆ ಹೂಂ ಎಂದಳಂತೆ. ಊಟದ ಹೊತ್ತಿಗೆ ಹೇಳಿದಳು. ಸರಿ ಎಂದೆ. ಊಟ ಚೆನ್ನಾಗಿತ್ತು.

ಮಾರ್ಚ್ 28, ಶನಿವಾರ

ಈ ಟೈರಿನಲ್ಲಿ ಗುಡ್ಡ ಹತ್ತಬಾರದು ಎಂದು ಗುನುಗಪ್ಪ ಖಡಾಖಂಡಿತ ಹೇಳಿದ್ದರು. ಇವತ್ತು ನಾಲ್ಕೂ ಹೊಸದು. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ, ಯಾವ ವರ್ಷದ ಎಷ್ಟನೆಯ ವಾರದಲ್ಲಿ ಹುಟ್ಟಿದ್ದು ಎಂದು. ಹಳೆಯವಕ್ಕೆ ಒಂಬತ್ತು ವರ್ಷ. ಹೊಸವು ಈ ಜನವರಿಯವು, ಇನ್ನೂ ರೋಮದಂಥ ರಬ್ಬರಿನ ಎಳೆಗಳು ಮೈಮೇಲಿವೆ. ಟೈರಂಗಡಿಯವನು ಪ್ರತಿ ಚಕ್ರಕ್ಕೂ ಸಣ್ಣ ಸಣ್ಣ ಸೀಸದ ತುಂಡು ಅಂಟಿಸಿ ತೂಕ ಸಮ ಮಾಡಿದ. ಗಾಳಿ ಎಷ್ಟಿರಬೇಕೆಂದು ಕೇಳಿ ಬರೆದುಕೊಂಡಿದ್ದೇನೆ. ತಣ್ಣಗಿರುವಾಗಲೇ ನೋಡಬೇಕು, ಓಡಿಸಿ ಬಂದ ಕೂಡಲೇ ನೋಡಿದರೆ ಜಾಸ್ತಿ ತೋರಿಸುತ್ತದೆ. ಸ್ಟೆಪ್ನಿಗೂ ಮರೆಯದೆ ಹಾಕಬೇಕು. ಜ್ಯಾಕು ಎತ್ತುವ ಜಾಗ ಬಾಗಿಲ ಕೆಳಗೆ, ಎರಡು ಗುರುತುಗಳ ನಡುವೆ. ಒಂದು ಚಕ್ರ ಬಿಚ್ಚಿ ಹಾಕಿ ನೋಡಿದೆ. ನಟ್ಟು ಬಿಗಿಯುವುದನ್ನು ಎದುರು ಬದುರು ಮಾಡುತ್ತಾ ಹೋಗಬೇಕು, ಸಾಲಾಗಿ ಅಲ್ಲ.

ದಬ್ ದಬ್ ಸದ್ದು ಹೋಗಿದೆ. ಕಾರಿನೊಳಗೆ ಈಗ ಹೊಸ ರಬ್ಬರು ಮತ್ತು ವಿನೆಗರಿನ ವಾಸನೆ. ಕಿಟಕಿ ತೆರೆದು ಗಾಳಿಗೆ ಬಿಟ್ಟೆ.

ಏಪ್ರಿಲ್ 9, ಗುರುವಾರ

ಬರೆಯದೆ ಹತ್ತು ದಿನದ ಮೇಲಾಯಿತು. ಸೊಸೆ ಗುಡ್ಡದ ಹಳ್ಳಿಗಳಿಗೆ ಹೋಗಲು ಶುರುಮಾಡಿದ್ದಾಳೆ. ಗುರುವಾರದ ದಾರಿ ಉದ್ದ, ಮೇಲೆ ಮಂಜು. ಅವಳೊಬ್ಬಳೇ ಬೇಡ ಎಂದು ನಾನೂ ಹೊರಟೆ. ಚಕ್ರ ಕೈಕೊಟ್ಟರೆ ಬಿಚ್ಚುವವರು ಒಬ್ಬರು ಬೇಕಲ್ಲ.

ಹತ್ತುವಾಗ ಇಂಜಿನ್ನು ಸದ್ದು ಮಾಡಿತು, ಬ್ಯಾಟರಿ ಅರ್ಧಕ್ಕಿಂತ ಕೆಳಗಿಳಿಯಿತು. ಇಬ್ಬರೂ ಬಾ ಬಾ ಎನ್ನುತ್ತಾ ಹಲಗೆಯನ್ನೇ ನೋಡುತ್ತಿದ್ದೆವು. ಕಡೆಯ ತಿರುವಿನಲ್ಲಿ ಮೋಡದ ಒಳಗೆ ಹೊಕ್ಕೆವು. ಮರಗಳು ಅರ್ಧ ಅರ್ಧ ಬಂದು ಹೋಗುತ್ತಿದ್ದವು. ಮನೆಗಳು ಕಿಟಕಿಯ ದೀಪದಿಂದ ಮಾತ್ರ ಗೊತ್ತಾಗುತ್ತಿದ್ದವು.

ಐದು ಮನೆ. ಕೊನೆಯದು ಕಲ್ಲಿನ ಸೇತುವೆಗಳನ್ನು ಕಟ್ಟುತ್ತಿದ್ದ ಮೇಸ್ತ್ರಿಯದು. ಎರಡು ತಿಂಗಳಿಂದ ಮಲಗಿದ್ದಾರೆ. ಅವಳು ಅವರನ್ನು ನಿಧಾನವಾಗಿ ಮಗ್ಗುಲಿಗೆ ತಿರುಗಿಸಿ ಬೆನ್ನಿನ ಹುಣ್ಣು ತೊಳೆದಳು. ಎಷ್ಟು ಹಗುರ ಕೈ. ಮೇಸ್ತ್ರಿ ಉಸಿರು ಬಿಟ್ಟು, "ಅಬ್ಬ, ಈಗ ಸರಿಯಾಯ್ತು ತಾಯಿ," ಎಂದರು. ಅವಳು ಕೆಲಸ ಮಾಡುವುದನ್ನು ನಾನು ಇಷ್ಟು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ.

ಮೂಲೆಯಲ್ಲಿ ಹೊಲಿಗೆ ಯಂತ್ರವೊಂದಿತ್ತು. ಹೋದ ವರ್ಷದಿಂದ ಕೂತುಬಿಟ್ಟಿದೆ ಎಂದರು ಮೇಸ್ತ್ರಿಯ ಹೆಂಡತಿ. ಕೈ ಸುಮ್ಮನಿರಲಿಲ್ಲ, ಬಿಚ್ಚಿದೆ. ಬಾಬಿನ್ನಿನ ಕೆಳಗೆ ನೂಲು ಸುತ್ತಿಕೊಂಡಿತ್ತು, ಅಷ್ಟೇ. ಎಣ್ಣೆ ಬಿಟ್ಟು ತಿರುಗಿಸಿದಾಗ ಅದು ಹೊಲಿಯಿತು.

ಆಕೆ ಇಬ್ಬರನ್ನೂ ನೋಡಿ, "ಮಗಳು ನಿಮ್ಮ ಹಾಗೇ ನೋಡಿ. ಮಾತು ಕಮ್ಮಿ, ಕೈ ಚುರುಕು," ಎಂದರು. ಸೊಸೆ ಬ್ಯಾಂಡೇಜು ಮಡಚುತ್ತಿದ್ದಳು. ನಾನು ಯಂತ್ರದ ಮುಚ್ಚಳ ಹಾಕುತ್ತಿದ್ದೆ. ಮುಂದಿನ ಗುರುವಾರ ಪಕ್ಕದ ಮನೆಯ ಯಂತ್ರವನ್ನೂ ನೋಡಬೇಕಂತೆ. ಸೂಜಿ, ಎಣ್ಣೆ, ಬೆಲ್ಟು ತೆಗೆದುಕೊಂಡು ಹೋಗಬೇಕು.

ಇಳಿಯುವಾಗ ಇಂಜಿನ್ನು ತಾನಾಗಿ ಸುಮ್ಮನಾಯಿತು. ಬಾಣಗಳೆಲ್ಲ ಚಕ್ರದಿಂದ ಬ್ಯಾಟರಿಯ ಕಡೆಗೆ ತಿರುಗಿದವು. ಇಳಿದಷ್ಟೂ ತುಂಬುತ್ತದೆ. ಒಂದೊಂದೇ ಗೆರೆ ಏರಿ ಹಸಿರಾಯಿತು. ಮಂಜಿನೊಳಗೆ ನಾವು ತೇಲುತ್ತಿದ್ದೆವು, ಚಕ್ರ ನೆಲದ ಮೇಲಿದೆಯೋ ಇಲ್ಲವೋ ಎನ್ನುವ ಹಾಗೆ.

ಒಂದು ತಿರುವಿನಲ್ಲಿ ರಸ್ತೆಯ ತುಂಬ ಕುರಿಗಳು. ಬೆನ್ನು ನಮ್ಮ ಕಡೆ, ನಾವು ಬಂದದ್ದೇ ಅವಕ್ಕೆ ಗೊತ್ತಿಲ್ಲ. ಅವಳು ಹಾರ್ನಿಗೆ ಕೈ ಹಾಕಿದಳು. ಮಂದೆಯ ಆಚೆಯಿಂದ ಕುರಿ ಕಾಯುವವನು ಬೇಡ ಬೇಡ ಎಂದು ಕೈಯಾಡಿಸಿದ. ಪಕ್ಕದಲ್ಲಿ ಕಣಿವೆ, ಬೆದರಿದರೆ ಹಾರುತ್ತವೆ. ನಾನು ಕಿಟಕಿ ಇಳಿಸಿ ತಲೆ ಹೊರಗೆ ಹಾಕಿದೆ.

"ದಾರಿ," ಎಂದೆ. ಗಂಟಲಲ್ಲೇ ಉಳಿಯಿತು.

"ಜೋರಾಗಿ ಅತ್ತೆ."

"ದಾರಿ ಬಿಡ್ರಮ್ಮಾ, ಸ್ವಲ್ಪ ಜರುಗಿ. ನರ್ಸಮ್ಮನ ಗಾಡಿ ಬರ್ತಿದೆ," ಎಂದು ಕೂಗಿದೆ.

ಒಂದು ಮುದಿ ಕುರಿ ತಿರುಗಿ ನೋಡಿತು. ಅವಳು ಸ್ಟೀರಿಂಗಿನ ಮೇಲೆ ಬಗ್ಗಿ ನಗತೊಡಗಿದಳು. ನಕ್ಕು ನಕ್ಕು ಕಾರು ನಿಲ್ಲಿಸಬೇಕಾಯಿತು. ಮೂರನೆಯ ಸಲ ಕೂಗುವ ಹೊತ್ತಿಗೆ ನನ್ನ ದನಿ ಕಣಿವೆಯ ಆಚೆಗೂ ಹೋಗಿ ಬಂತು. ಮಂದೆ ಮೆಲ್ಲಗೆ ಎರಡಾಗಿ ಸರಿಯಿತು. ಎರಡೂ ಕಡೆಯ ಉಣ್ಣೆ ಬಾಗಿಲನ್ನು ಸವರುತ್ತಾ ಇರುವಾಗ ನಾವು ನಡುವಿನಿಂದ ಇಳಿದು ಹೋದೆವು.